ಎಡಗೈಯ ಲೆಕ್ಕ

ಪಟ್ಟಿಯಲ್ಲಿ ಅವರ ಹೆಸರಿದೆ, ಹೆಸರಿನ ಮುಂದೆ ಅಂಕಿ.
ನನ್ನ ಹತ್ತಿರ ಪಟ್ಟಿಯಿಲ್ಲ. ಎಡಗೈ ಇದೆ.
ತೋರುಬೆರಳ ಬುಡದಲ್ಲೊಂದು ಗಂಟು,
ಹೆಬ್ಬೆರಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನೀಲಿ.
ಹನ್ನೊಂದು ವರ್ಷ ಈ ಬುಲ್‌ಪೆನ್ನಿನಲ್ಲಿ
ಕುಕ್ಕರುಗಾಲಲ್ಲಿ ಕೂತು
ಮೇಲಕ್ಕೆ ಹೋಗುವವರನ್ನೆಲ್ಲ ಹಿಡಿದಿದ್ದೇನೆ.
ಹಿಡಿದವರು ನಿಲ್ಲಲಿಲ್ಲ, ಅದು ಬೇರೆ ಮಾತು.

ಇದನ್ನು ಹೊಲ ಅನ್ನುತ್ತಾರೆ, ದೊಡ್ಡ ತಂಡದ ಹೊಲ.
ಎಡಗೋಡೆಯಾಚೆ ಇರುವುದೂ ಹೊಲವೇ,
ಅಯೋವಾದ ಮೆಕ್ಕೆಜೋಳ, ಜುಲೈಗೆ ಆಳುದ್ದ.
ಅದಕ್ಕಾದರೆ ಬೇರು ಬಿಡಲು ಬಿಡುತ್ತಾರೆ.

ಲೆಲಂಡ್ ಶೂಮೇಕ್, ಪಟ್ಟಿಯಲ್ಲಿ ಎರಡನೆಯವನು.
ಸಹಿ ಹಾಕಿದ ದಿನವೇ ಕೊಂಡ ಟ್ರಕ್ಕು ಇನ್ನೂ ಹೊಸ ವಾಸನೆ.
ಅವನ ಸ್ಲೈಡರ್ ನೇರವಾಗಿ ಬರುತ್ತೇನೆಂದು ಆಣೆಯಿಟ್ಟು
ಕೊನೆಯ ಗೇಣಿನಲ್ಲಿ ಮಾತು ತಪ್ಪುತ್ತದೆ.

ಶು ಪೋ-ಶೆಂಗ್, ಹುವಾಲಿಯೆನ್ನಿನ ಎಡಗೈಯವನು, ಏಳನೆಯವನು.
ತೋಳು ಸಿಟ್ಟಿನಿಂದ ಬರುತ್ತದೆ,
ಚೆಂಡು ಅದರ ಹಿಂದೆ ಎಲ್ಲೋ ಚಹಾ ಕುಡಿದು ಬರುತ್ತದೆ.
ಮುಗಿದ ಮೇಲೆ ತಲೆ ಬಾಗಿಸುತ್ತಾನೆ, ನನಗಲ್ಲ, ಗ್ಲೌಸಿಗೆ.

ಡಿವಿಟ್ ಆಂಕ್ರಮ್ ಪಟ್ಟಿಯಲ್ಲಿಲ್ಲ. ಇಪ್ಪತ್ತಾರು.
ಚಳಿಗಾಲದಲ್ಲಿ ಗೋದಾಮಿನಲ್ಲಿ ಟೈರು ಇಳಿಸುತ್ತಾನೆ.
ಎಂಬತ್ತೆಂಟು ಮೈಲಿ ದಾಟದ ಚೆಂಡು,
ಆದರೆ ಕೈ ಎಲ್ಲಿಟ್ಟೆನೋ ಅಲ್ಲೇ, ಇಟ್ಟಲ್ಲೇ.
ಅವನ ಸರದಿಯ ದಿನ ನನ್ನ ಹೆಬ್ಬೆರಳಿಗೆ ಹಬ್ಬ.

ಮತ್ತೆ ಯೊಹೆಂಡ್ರಿ ಪೆಗೆರೊ.
ಮೊದಲನೆಯವನು, ಹತ್ತೊಂಬತ್ತು, ಅಸುವಾದ ಹುಡುಗ.
ಅವನ ಚೆಂಡು ಬರುವುದು ಕಾಣುವುದಿಲ್ಲ,
ಬಂದದ್ದು ಗೊತ್ತಾಗುತ್ತದೆ,
ಬಾಗಿಲು ದಢಾರನೆ ಬಡಿದ ಮೇಲೆ
ಗಾಳಿ ಎದ್ದಿತ್ತೆಂದು ತಿಳಿಯುವ ಹಾಗೆ.
ದಿಕ್ಕು ಮಾತ್ರ ದೇವರಿಗೇ ಬಿಟ್ಟದ್ದು:
ನನ್ನ ಮುಖಕವಚಕ್ಕೆ, ತೊಡೆಗೆ,
ಒಮ್ಮೆ ಬೇಲಿ ಹಾರಿ ಬಿಯರು ಗಾಡಿಯ ಗಾಜಿಗೆ.
ಅವನಿಗೆ ಬರುತ್ತಿದ್ದ ಇಂಗ್ಲಿಷು ನಾಲ್ಕೇ ಮಾತು,
ಅದರಲ್ಲಿ ಎರಡು ‘ಸಾರಿ’.
ಐದನೆಯದನ್ನು ನಾನು ಕಲಿಸಿದೆ: ‘ಹೆವಿ’.
ಚೆಂಡು ಅಂಗೈಯೊಳಗೆ ಕಲ್ಲಿನಂತೆ ಇಳಿದಾಗ
ನಾನು ‘ಹೆವಿ’ ಅನ್ನಬೇಕು, ಅವನು ನಗಬೇಕು.

ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತಾರೆ.
ದಿನಾ ಮೊಳಕೆ ಕಿತ್ತು ಬೇರು ಅಳೆದರೆ?

ಆಗಸ್ಟಿನ ಒಂದು ಸಂಜೆ, ಗೂಡ್ಸು ರೈಲು ಹಾದು ಹೋದ ಮೇಲೆ,
ಮೇಲಿನಿಂದ ಬಂದ ಮೂವರು ಬೇಲಿಯ ಹಿಂದೆ
ವೇಗದ ಯಂತ್ರ ಹಿಡಿದು ಸಾಲಾಗಿ ಕೂತಿದ್ದರು.
ಯಂತ್ರ ತೊಂಬತ್ತೆಂಟು ಅಂದಿತು. ಮತ್ತೆ ತೊಂಬತ್ತೆಂಟು.
ನನ್ನ ಕೈ ಬೇರೆ ಅಂದಿತು.
ವೇಗ ಅದೇ. ತೂಕ ಇರಲಿಲ್ಲ.
ಒಳಗಿನ ಬೀಜ ಯಾರೋ ತೆಗೆದ ಹಣ್ಣಿನಂತೆ ಚೆಂಡು.

ಅವನು ನನ್ನ ಮುಖ ನೋಡಿದ, ಕಾಯುತ್ತ.
‘ಹೆವಿ,’ ಅಂದೆ.

ಮೂರನೇ ಇನ್ನಿಂಗ್ಸಿನಲ್ಲಿ ಮೊಣಕೈ ಹಿಡಿದು
ದಿಬ್ಬದಿಂದ ಇಳಿದ.
ಇಪ್ಪತ್ತು ಹೆಜ್ಜೆ ದೂರದಿಂದ ನಾನು ಎಣಿಸಿದ್ದು
ಅವನ ಹೆಜ್ಜೆಯನ್ನಲ್ಲ,
ಹೇಳದೆ ಬಿಟ್ಟ ಎಸೆತಗಳನ್ನು. ನಾಲ್ಕು.

ಮರುದಿನ ಪಟ್ಟಿ ಬದಲಾಯಿತು. ಶೂಮೇಕ್ ಒಂದು.
ಆಂಕ್ರಮ್‌ನನ್ನು ಅದೇ ವಾರ ಬಿಟ್ಟರು,
ಹೋಗುವಾಗ ನನ್ನ ಗ್ಲೌಸಿಗೆ ಎಣ್ಣೆ ಹಚ್ಚಿಟ್ಟು ಹೋಗಿದ್ದ.

ಹದಿನಾಲ್ಕು ತಿಂಗಳಾದ ಮೇಲೆ ಅರಿಜೋನಾದಿಂದ ಫೋನು.
ಈಗ ಅವನಿಗೆ ಬಹಳ ಮಾತು ಬರುತ್ತದೆ:
ಗಾಯದ ಗೆರೆ ಎಷ್ಟುದ್ದ, ವೈದ್ಯರ ಹೆಸರು,
ನಲವತ್ತೈದು ಅಡಿಯಿಂದ ಇಪ್ಪತ್ತೈದು ಎಸೆತ, ನೋವಿಲ್ಲ.
ವಿಡಿಯೊ ಕಳಿಸಿದ್ದೇನೆ, ನೋಡು ಅಂದ.
ಆಮೇಲೆ ಹಳೆಯ ಆ ಐದನೆಯ ಮಾತು, ಪ್ರಶ್ನೆಯಾಗಿ.

ಐಸಿನ ಬಕೆಟ್ಟಿನಲ್ಲಿ ಎಡಗೈ ಇತ್ತು, ಮರಗಟ್ಟಿ.
ಬಲಗೈಯಲ್ಲಿ ಫೋನು,
ಅದಕ್ಕೆ ಚೆಂಡಿನ ತೂಕ ಎಂದೂ ಗೊತ್ತಿಲ್ಲ.
‘ಗೊತ್ತಿಲ್ಲ,’ ಅಂದೆ. ‘ಬಾ. ಹಿಡಿದು ಹೇಳುತ್ತೇನೆ.’